ಎರಡು ಕಿಲೋಮೀಟರ್ ಆಳದಲ್ಲಿ ನಕ್ಷತ್ರಮೀನು ಎಲ್ಲಿ ಜಾಸ್ತಿ? ಮಗಳ ಚಾರ್ಟ್ ಸರಿನಾ ತಪ್ಪಾ, ತಿಳಿದವರು ಹೇಳಿ

ತೊಗರಿ_ನಾಡು
ಎಲ್ಲರಿಗೂ ನಮಸ್ಕಾರ. ಕಲಬುರಗಿಯಿಂದ ಬರೆಯುತ್ತಿದ್ದೇನೆ. ನಾನು ಸಮುದ್ರ ನೋಡಿದ್ದು ಜೀವನದಲ್ಲಿ ಎರಡೇ ಸಲ, ಅದೂ ಗೋಕರ್ಣಕ್ಕೆ ಹೋದಾಗ. ಆದರೂ ಒಂದು ವಾರದಿಂದ ನಮ್ಮ ಮನೆಯಲ್ಲಿ ಸಮುದ್ರದ್ದೇ ಜಗಳ.

ಮಗಳು ಎಂಟನೇ ಕ್ಲಾಸ್. ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಚಾರ್ಟ್ ಮಾಡಿದ್ದಳು. ಡ್ರಾಯಿಂಗ್ ಶೀಟ್ ಮೇಲೆ ಪ್ರಪಂಚದ ನಕ್ಷೆ, ಅದರ ಮೇಲೆ ಗೋಂದು ಹಚ್ಚಿ ತೊಗರಿ ಬೇಳೆ ಅಂಟಿಸಿದ್ದಾಳೆ. ನಾನು ಬೇಳೆ ಮಿಲ್‌ನಲ್ಲಿ ಲೆಕ್ಕ ಬರೆಯುವವನು, ಬೇಳೆಗೇನು ಕೊರತೆ ಇಲ್ಲ. ಮೇಲೆ ಹೆಸರು 'ಆಳ ಸಮುದ್ರದ ತಳದ ನಕ್ಷತ್ರಮೀನುಗಳು'. ಎಲ್ಲಿ ಜಾತಿ ಜಾಸ್ತಿಯೋ ಅಲ್ಲಿ ಬೇಳೆ ಜಾಸ್ತಿ. ಅವಳು ಭೂಮಧ್ಯರೇಖೆ ಹತ್ತಿರ ನಾಲ್ಕು ಕಾಳು ಹಾಕಿ, ಅದರ ಮೇಲೂ ಕೆಳಗೂ 30ರಿಂದ 50 ಡಿಗ್ರಿ ಅಕ್ಷಾಂಶದಲ್ಲಿ ಹಿಡಿಗಟ್ಟಲೆ ಹಾಕಿದ್ದಾಳೆ. ನೋಡೋಕೆ ಬಂದ ತೀರ್ಪುಗಾರರು 'ಬಿಸಿ ಇರುವ ಕಡೆ ಜೀವಿಗಳು ಜಾಸ್ತಿ ಅಂತ ಪುಸ್ತಕದಲ್ಲೇ ಇದೆ, ನೀನು ಉಲ್ಟಾ ಮಾಡಿದ್ದೀಯ' ಅಂದರಂತೆ. ಬಹುಮಾನ ಸೌರ ಕುಕ್ಕರ್‌ಗೆ ಹೋಯಿತು. (ಕಲಬುರಗಿ ಬಿಸಿಲಲ್ಲಿ ಸೌರ ಕುಕ್ಕರ್ ಕೆಲಸ ಮಾಡಿದರೆ ಅದರಲ್ಲೇನು ದೊಡ್ಡ ಮಾತು ಅಂತ ನನ್ನ ಹೆಂಡತಿಯ ವಾದ.)

ಮಗಳು ಇನ್ನೂ ಮುಖ ಊದಿಸಿಕೊಂಡಿದ್ದಾಳೆ. ಇಂಟರ್‌ನೆಟ್‌ನಲ್ಲಿ ಓದಿದ್ದು ಅಂತಾಳೆ, ಎಲ್ಲಿ ಅಂತ ನೆನಪಿಲ್ಲ. ಅವಳು ಸರಿನಾ, ಅವರು ಸರಿನಾ? ಯಾರಾದರೂ ತಿಳಿದವರು ಇದ್ದೀರಾ?

ವಾಡಿ_ಜಂಕ್ಷನ್
ಮೊದಲನೇದಾಗಿ ಅದು ಮೀನೇ ಅಲ್ಲ.

ಹುಮನಾಬಾದ್_ಹುಡುಗ
ಎರಡನೇದಾಗಿ ಬೇಳೆ ರೇಟ್ ಏನಿದೆ ಗೊತ್ತಾ? ಚಾರ್ಟ್‌ಗೆ ಹಿಡಿಗಟ್ಟಲೆ ಅಂಟಿಸ್ತೀರಲ್ಲ, ಶ್ರೀಮಂತರು ಬಿಡ್ರಿ.

ಆಳಂದ_ಮೇಷ್ಟ್ರು
ನಾನು 31 ವರ್ಷ ಜೀವಶಾಸ್ತ್ರ ಕಲಿಸಿ ನಿವೃತ್ತಿ ಆದವನು. ತೀರ್ಪುಗಾರರು ಹೇಳಿದ್ದು ತಪ್ಪಲ್ಲ. ಕಾಡಿನಲ್ಲಿ ಮರ, ಹಕ್ಕಿ, ಚಿಟ್ಟೆ ಯಾವುದನ್ನೇ ತಗೊಳ್ಳಿ, ಭೂಮಧ್ಯರೇಖೆ ಕಡೆ ಹೋದಷ್ಟೂ ಜಾತಿಗಳು ಜಾಸ್ತಿ. ಹವಳದ ದಿಬ್ಬಗಳೂ ಅಲ್ಲೇ. ಆಳ ಸಮುದ್ರ ಅಂದರೆ ಎಲ್ಲಾ ಕಡೆ ಕತ್ತಲೆ, ಚಳಿ, ಕೆಸರು. ಅಲ್ಲಿ ವ್ಯತ್ಯಾಸ ಇದ್ದರೂ ಎಷ್ಟಿರುತ್ತೆ? ಮಗು ಏನೋ ಉತ್ಸಾಹದಲ್ಲಿ ಮಾಡಿದೆ, ಬೆನ್ನು ತಟ್ಟಿ. ಆದರೆ ಪಾಠ ಪಾಠವೇ.

ಭೀಮಾ_ತೀರ
ಊರಲ್ಲಿ ಕುಡಿಯುವ ನೀರು ಮೂರು ದಿನಕ್ಕೊಮ್ಮೆ ಬರುತ್ತೆ. ನೀವು ನಾಲ್ಕು ಕಿಲೋಮೀಟರ್ ನೀರಿನ ಕೆಳಗೆ ಏನಿದೆ ಅಂತ ಕೂತಿದ್ದೀರಿ. ಭೇಷ್.

ಕಾರವಾರ_ಟು_ಬೀದರ್
ಮೇಷ್ಟ್ರೇ ಬೇಸರ ಮಾಡ್ಕೋಬೇಡಿ, ನಿಮ್ಮ ಮಾತು ಅರ್ಧ ಸರಿ. ನಾನು ಕಾರವಾರದಲ್ಲಿ ಸಮುದ್ರ ಜೀವಶಾಸ್ತ್ರ ಎಂಎಸ್ಸಿ ಮಾಡಿ ಮದುವೆಯಾಗಿ ಬೀದರಿಗೆ ಬಂದವಳು. ಹದಿನಾಲ್ಕು ವರ್ಷದಿಂದ ಈ ವಿಷಯ ಯಾರೂ ನನ್ನ ಹತ್ತಿರ ಕೇಳಿಲ್ಲ. ಹಾಗಾಗಿ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ಮಗು ಓದಿದ್ದು ಯಾವುದು ಅಂತ ನನಗೆ ಗೊತ್ತು ಅನ್ಸುತ್ತೆ. 2016ರಲ್ಲಿ ನೇಚರ್ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಪ್ರಪಂಚದ ಮ್ಯೂಸಿಯಂಗಳಲ್ಲಿ ಬಾಟಲಿಯಲ್ಲಿ ಇಟ್ಟಿರುವ ಮಾದರಿಗಳ ದಾಖಲೆ ಒಟ್ಟು ಮಾಡಿದರು, ಒಂದೂವರೆ ಲಕ್ಷಕ್ಕೂ ಜಾಸ್ತಿ. ಆಮೇಲೆ ಆಳದ ಪ್ರಕಾರ ಮೂರು ಪಾಲು ಮಾಡಿ ನೋಡಿದರು. 200 ಮೀಟರ್ ತನಕ ನೋಡಿದರೆ ಮೇಷ್ಟ್ರು ಹೇಳಿದ ಹಾಗೇ ಇದೆ, ಉಷ್ಣವಲಯದಲ್ಲೇ ಜಾಸ್ತಿ. 200ರಿಂದ 2000 ಮೀಟರ್ ತನಕವೂ ಹೆಚ್ಚುಕಡಿಮೆ ಅದೇ. 2000 ಮೀಟರ್ ದಾಟಿದ ಮೇಲೆ ಚಿತ್ರ ಬದಲಾಗುತ್ತೆ. ಅಲ್ಲಿ ಜಾತಿಗಳು ಜಾಸ್ತಿ ಇರೋದು 30ರಿಂದ 50 ಡಿಗ್ರಿ ಅಕ್ಷಾಂಶದಲ್ಲಿ, ಅದರಲ್ಲೂ ಖಂಡಗಳ ಅಂಚಿನ ಹತ್ತಿರ.

ಕಾರಣ ಅನ್ನ. ಅಷ್ಟು ಕೆಳಗೆ ಬಿಸಿಲು ಇಲ್ಲ, ಗಿಡ ಇಲ್ಲ. ಮೇಲಿನ ನೀರಿನಲ್ಲಿ ಸತ್ತ ಸಣ್ಣ ಜೀವಿಗಳು, ಅವುಗಳ ಹಿಕ್ಕೆ, ಲೋಳೆ ಎಲ್ಲಾ ಮೆಲ್ಲಗೆ ಉದುರುತ್ತಾ ಬರುತ್ತೆ. ಮೇಲೆ ಬೆಳೆದಿದ್ದರಲ್ಲಿ ನೂರಕ್ಕೆ ಒಂದು ಪಾಲು ತಳಕ್ಕೆ ಮುಟ್ಟಿದರೆ ದೊಡ್ಡದು. ಎಳ್ಳ ಅಮಾವಾಸ್ಯೆ ದಿನ ಹೊಲದಲ್ಲಿ ಚರಗ ಚೆಲ್ಲುತ್ತೀವಲ್ಲ, ಹಾಗೆ ಅಂದ್ಕೊಳ್ಳಿ. ಯಾರ ಹೊಲದಲ್ಲಿ ಚರಗ ಜಾಸ್ತಿ ಬೀಳುತ್ತೋ ಅಲ್ಲಿ ಹಕ್ಕಿ ಜಾಸ್ತಿ. ಉಷ್ಣವಲಯದ ನಡು ಸಮುದ್ರ ನೋಡೋಕೆ ನೀಲಿಯಾಗಿ ಚೆಂದ. ಆದರೆ ಆ ನೀಲಿ ಅಂದರೆ ಬರಗಾಲದ ಬಣ್ಣ, ಪಾಚಿ ಕಡಿಮೆ ಅಂತ ಅರ್ಥ. 40 ಡಿಗ್ರಿ ಕಡೆ ನೀರು ಕಲಕಿ ವಸಂತದಲ್ಲಿ ಪಾಚಿ ಉಕ್ಕುತ್ತೆ, ಕೆಳಗಿನವರಿಗೆ ಹಬ್ಬ.

ಇನ್ನು 'ಬಿಸಿ ಇರುವ ಕಡೆ' ಅನ್ನೋದು. ನಾಲ್ಕು ಕಿಲೋಮೀಟರ್ ಕೆಳಗೆ ಹೋದರೆ ಭೂಮಧ್ಯರೇಖೆ ಆದರೂ 1ರಿಂದ 3 ಡಿಗ್ರಿ ಸೆಲ್ಸಿಯಸ್ ಅಷ್ಟೇ. ಅಲ್ಲಿ ಬಿಸಿ ಎಲ್ಲಿಂದ ಬಂತು?

ತೊಗರಿ_ನಾಡು
ಅಕ್ಕಾ, ನಿಮ್ಮ ಬಾಯಿಗೆ ಸಕ್ಕರೆ ಹಾಕಬೇಕು. ಮಗಳಿಗೆ ಓದಿ ಹೇಳಿದೆ. 'ನೋಡಪ್ಪಾ' ಅಂತ ಕುಣಿದಳು. ನಾಳೆನೇ ಪ್ರಿಂಟ್ ಹಾಕಿಸಿ ಶಾಲೆಗೆ ಹೋಗ್ತೀನಿ.

ಆಳಂದ_ಮೇಷ್ಟ್ರು
ತಡೀರಿ, ಪ್ರಿಂಟ್ ಹಾಕಿಸಬೇಡಿ. ಮೇಡಂ ಹೇಳಿದ ಅಧ್ಯಯನ ಹುಡುಕಿ ಸಾರಾಂಶ ಓದಿದೆ, ವಯಸ್ಸಾಗಿದ್ದರೂ ಅಷ್ಟು ಬರುತ್ತೆ. ಅದು ನಕ್ಷತ್ರಮೀನಿನ ಬಗ್ಗೆ ಅಲ್ಲವೇ ಅಲ್ಲ! ಬ್ರಿಟಲ್ ಸ್ಟಾರ್ ಬಗ್ಗೆ. ಅದು ಬೇರೆ ವರ್ಗ, ಆಫಿಯೂರಾಯ್ಡಿಯಾ. ನಕ್ಷತ್ರಮೀನು ಆಸ್ಟರಾಯ್ಡಿಯಾ. ಬ್ರಿಟಲ್ ಸ್ಟಾರ್‌ಗೆ ನಡುವೆ ಚಿಕ್ಕ ಬಿಲ್ಲೆ, ಅದಕ್ಕೆ ಹಾವಿನ ಬಾಲದ ಹಾಗೆ ತೆಳ್ಳಗಿನ ಕೈಗಳು, ಕೈಗಳನ್ನೇ ಬಳುಕಿಸಿ ನಡೆಯುತ್ತೆ. ನಕ್ಷತ್ರಮೀನಿಗೆ ಕೈ ದಪ್ಪ, ಅಡಿಯಲ್ಲಿರುವ ಸಾವಿರಾರು ಕೊಳವೆ ಕಾಲುಗಳಿಂದ ತೆವಳುತ್ತೆ. ಕುದುರೆ ಲೆಕ್ಕ ತಂದು ಕತ್ತೆಗೆ ಹಚ್ಚಿದ ಹಾಗಾಯ್ತು. ಚಾರ್ಟ್ ಮೇಲೆ ಏನು ಬರೆದಿದೆ? ನಕ್ಷತ್ರಮೀನು ಅಂತ.

ವಾಡಿ_ಜಂಕ್ಷನ್
ಮೇಷ್ಟ್ರು ಸಿಕ್ಸರ್ ಹೊಡೆದರು.

ಕಾರವಾರ_ಟು_ಬೀದರ್
ತಪ್ಪಾಯ್ತು ಮೇಷ್ಟ್ರೇ, ಇದನ್ನ ನಾನೇ ಮೊದಲ ಸಾಲಿನಲ್ಲಿ ಹೇಳಬೇಕಿತ್ತು. ಹೌದು, ಬ್ರಿಟಲ್ ಸ್ಟಾರ್. ಎರಡೂ ಒಂದೇ ಮನೆತನ, ಅಣ್ಣತಮ್ಮಂದಿರು. ಬ್ರಿಟಲ್ ಸ್ಟಾರ್‌ನಲ್ಲಿ ಸುಮಾರು 2,100 ಜಾತಿ, ನಕ್ಷತ್ರಮೀನಿನಲ್ಲಿ ಸುಮಾರು 1,900. ಆದರೆ ಊಟದ ರೀತಿ ಬೇರೆ, ಹಾಗಾಗಿ ಒಂದರ ನಕ್ಷೆ ಇನ್ನೊಂದಕ್ಕೆ ಹಾಗೇ ಕೂರಲ್ಲ.

ಬರೀ ನಕ್ಷತ್ರಮೀನಿನ ಲೆಕ್ಕವೇ ಬೇಕು ಅಂದರೆ ಒಂದು ಒಳ್ಳೆ ಕೆಲಸ ಇದೆ. ಐರ್ಲೆಂಡಿನ ನೈಋತ್ಯಕ್ಕೆ ಪಾರ್ಕ್ಯುಪೈನ್ ಅಂತ ಒಂದು ಜಾಗ, ಸಮುದ್ರದ ತಳ ಅಲ್ಲಿ ಇಳಿಜಾರಾಗಿ ಹೋಗಿ ಆಮೇಲೆ ಬಯಲಾಗುತ್ತೆ. ಅಲ್ಲಿ ಬ್ರಿಟನ್ನಿನವರು ವರ್ಷಗಟ್ಟಲೆ ಬಲೆ ಎಳೆದು ಸುಮಾರು 14,000 ನಕ್ಷತ್ರಮೀನು ಎತ್ತಿದರು. ಎಣಿಸಿದರೆ 47 ಜಾತಿ. 2002ರಲ್ಲಿ ಪ್ರಕಟ ಮಾಡಿದರು. 150 ಮೀಟರಿನಿಂದ 4,950 ಮೀಟರ್ ತನಕ. ವೈವಿಧ್ಯ ಅತೀ ಜಾಸ್ತಿ ಇದ್ದಿದ್ದು ಸುಮಾರು 1,800 ಮೀಟರ್‌ನಲ್ಲಿ. ಆಮೇಲೆ 2,600 ತನಕ ಇಳಿಯುತ್ತೆ. ಸರಿ, ಇನ್ನು ಕೆಳಗೆ ಹೋದರೆ ಇನ್ನೂ ಇಳಿಯುತ್ತೆ ಅಂದ್ಕೊಂಡಿರಾ? ಇಲ್ಲ, 4,700ರ ಹತ್ತಿರ ಮತ್ತೆ ಏರುತ್ತೆ!

ಇನ್ನೊಂದು ಮಜಾ. ಒಂದೊಂದು ಜಾತಿಯೂ ಅಲ್ಲೊಂದು ಇಲ್ಲೊಂದು ತುಂಬಾ ಆಳದ ತನಕ ಸಿಗುತ್ತೆ, ಆದರೆ ರಾಶಿ ರಾಶಿ ಸಿಗೋದು ಒಂದು ಸಣ್ಣ ಪಟ್ಟಿಯಲ್ಲಿ ಮಾತ್ರ. ಬೀದರಿನ ಕಬ್ಬು, ಕಲಬುರಗಿಯ ತೊಗರಿ, ಯಾದಗಿರಿ ಕಾಲುವೆ ಕೆಳಗಿನ ಭತ್ತ ಇದ್ದ ಹಾಗೆ. ಕಲಬುರಗಿಯಲ್ಲೂ ಯಾರೋ ಭತ್ತ ಹಾಕಿರ್ತಾರೆ, ಆದರೆ ಅದು ಭತ್ತದ ಸೀಮೆ ಅಲ್ಲ.

ಯಾದಗಿರಿ_ಬಿಸಿಲು
ಮೇಡಂ, ಹಾಗಾದರೆ ನೆಲದ ಮೇಲೆ ಅಡ್ಡ ಹೋದರೆ ಬದಲಾಗೋದಕ್ಕಿಂತ ಕೆಳಗೆ ಇಳಿದರೆ ಬೇಗ ಬದಲಾಗುತ್ತೆ ಅಂತಾನಾ? ನಾನು ಕೆಎಎಸ್‌ಗೆ ಓದ್ತಿದ್ದೀನಿ, ಇದು ಪರಿಸರ ಪ್ರಶ್ನೆಯಲ್ಲಿ ಬರಬಹುದು.

ಕಾರವಾರ_ಟು_ಬೀದರ್
ಸರಿಯಾಗಿ ಹಿಡಿದೆ ತಮ್ಮಾ. ಇಳಿಜಾರಿನಲ್ಲಿ ಒಂದು ಕಿಲೋಮೀಟರ್ ಕೆಳಗೆ ಇಳಿದರೆ ಊರೇ ಬದಲಾಗುತ್ತೆ. ಅದೇ ಆಳದಲ್ಲಿ ಸಾವಿರಾರು ಕಿಲೋಮೀಟರ್ ಅಡ್ಡ ಹೋದರೂ ಅದೇ ಮುಖಗಳು ಸಿಗಬಹುದು. ಬ್ರಿಟಲ್ ಸ್ಟಾರ್‌ಗಳ ಡಿಎನ್‌ಎ ನೋಡಿ 2025ರಲ್ಲಿ ಇದೇ ಹೇಳಿದ್ದಾರೆ. ಐಸ್‌ಲ್ಯಾಂಡ್ ಹತ್ತಿರದ ಆಳದ ಜೀವಿಗಳಿಗೂ ಆಸ್ಟ್ರೇಲಿಯಾದ ಟಾಸ್ಮೇನಿಯಾ ಹತ್ತಿರದವಕ್ಕೂ ನೆಂಟಸ್ತನ ಇದೆ. ಮೇಲಿನ ನೀರಿನಲ್ಲಿ ಹಾಗಲ್ಲ, ಅಲ್ಲಿ ಬಿಸಿ ನೀರು ತಣ್ಣೀರು ಅಂತ ಗೋಡೆಗಳಿವೆ.

ಫರ್ಸಿ_ಕಾಕಾ
ನಾನು ಶಹಾಬಾದ್ ಕಡೆಯವನು, ಫರ್ಸಿ ಕಲ್ಲಿನ ವ್ಯಾಪಾರ. ಇಷ್ಟೊತ್ತು ಓದ್ತಾ ಇದ್ದೆ. ನೀವು ಐರ್ಲೆಂಡು ಟಾಸ್ಮೇನಿಯಾ ಅಂತೀರಿ, ಸಮುದ್ರದ ತಳ ನಿಮ್ಮ ಕಾಲ ಕೆಳಗೇ ಇದೆ. ನಮ್ಮ ಫರ್ಸಿ ಸಮುದ್ರದಲ್ಲಿ ಆದ ಕಲ್ಲು ಅಂತ ಸರ್ವೆ ಮಾಡೋಕೆ ಬಂದವರು ಹೇಳಿದ್ದರು. ನನ್ನ ಹತ್ತಿರ ಒಂದು ಹಾಸುಗಲ್ಲು ಇದೆ, ಅದರಲ್ಲಿ ಕಪ್ಪಗೆ ನಕ್ಷತ್ರದ ಹಾಗೆ ಕವಲು ಕವಲು ಇದೆ. ನಕ್ಷತ್ರಮೀನೇ ಇರಬೇಕು ಅಂತ ಮಾರದೆ ಇಟ್ಟುಕೊಂಡಿದ್ದೀನಿ. ಮೇಡಂ ಹೇಳಬೇಕು.

ಹುಮನಾಬಾದ್_ಹುಡುಗ
ಕಾಕಾ ಅದನ್ನ ಮಾರಬೇಡಿ, ಕೋಟಿ ಬರುತ್ತೆ.

ಆಳಂದ_ಮೇಷ್ಟ್ರು
ಇದಕ್ಕೆ ನಾನು ಹೇಳ್ತೀನಿ. ಕಾಕಾ, ಶಹಾಬಾದ್ ಕಲ್ಲು ಭೀಮಾ ಕಣಿವೆಯ ಸುಣ್ಣಕಲ್ಲು. ಸಮುದ್ರದಲ್ಲಿ ಕೂತ ಕೆಸರೇ, ಅದು ನಿಜ. ಆದರೆ ಆಳ ಸಮುದ್ರ ಅಲ್ಲ, ಕಡಿಮೆ ನೀರಿನ ಸಮುದ್ರ. ಅದಕ್ಕಿಂತ ಮುಖ್ಯ, ಆ ಕಲ್ಲು ಆದಾಗ ನಕ್ಷತ್ರಮೀನು ಹೋಗಲಿ, ಸರಿಯಾಗಿ ಒಂದು ಪ್ರಾಣಿಯೇ ಹುಟ್ಟಿರಲಿಲ್ಲ. ನಕ್ಷತ್ರಮೀನಿನ ಕಡೆಯ ಅತೀ ಹಳೆ ಪಳೆಯುಳಿಕೆ ಸಿಕ್ಕಿರೋದು ಮೊರಾಕ್ಕೋದಲ್ಲಿ, ಸುಮಾರು 48 ಕೋಟಿ ವರ್ಷ ಹಿಂದಿನದು. ನಮ್ಮ ಫರ್ಸಿ ಅದಕ್ಕಿಂತ ಎಷ್ಟೋ ಹಳೇದು. ಆ ಕಪ್ಪು ಕವಲು ಸಾಮಾನ್ಯವಾಗಿ ಮ್ಯಾಂಗನೀಸ್. ಕಲ್ಲಿನ ಸಂದಿಯಲ್ಲಿ ನೀರು ಇಳಿದು ಗಿಡದ ಹಾಗೆ ಚಿತ್ತಾರ ಬರೆಯುತ್ತೆ. ಬೀಡ ತಿಂದು ಉಗುಳಿದ ಕಲೆ ಅಲ್ಲ ತಾನೇ, ಅದನ್ನೂ ಒಮ್ಮೆ ತೊಳೆದು ನೋಡಿ.

ಫರ್ಸಿ_ಕಾಕಾ
ತೊಳೆದೇ ಇಟ್ಟಿದ್ದೀನಿ ಮೇಷ್ಟ್ರೇ, ಅಷ್ಟು ದಡ್ಡ ಅಲ್ಲ. ಮ್ಯಾಂಗನೀಸ್ ಅಂದರೆ ಬೆಲೆ ಬರುತ್ತಾ?

ಆಳಂದ_ಮೇಷ್ಟ್ರು
ಇಲ್ಲ.

ಯಾದಗಿರಿ_ಬಿಸಿಲು
ಕಾಕಾ, ಸಮುದ್ರದ ತಳದಲ್ಲಿರೋ ಮ್ಯಾಂಗನೀಸ್ ಗಡ್ಡೆಗೆ ಬೆಲೆ ಬರುತ್ತೆ! ಇದು ನನ್ನ ಸಿಲಬಸ್. ಹಿಂದೂ ಮಹಾಸಾಗರದ ನಡುವೆ ಭಾರತಕ್ಕೆ 75,000 ಚದರ ಕಿಲೋಮೀಟರ್ ಜಾಗ ಸಿಕ್ಕಿದೆ, ಆಲೂಗಡ್ಡೆ ಗಾತ್ರದ ಗಡ್ಡೆಗಳನ್ನ ಹುಡುಕೋಕೆ. ಅದರಲ್ಲಿ ಮ್ಯಾಂಗನೀಸ್, ನಿಕ್ಕೆಲ್, ತಾಮ್ರ, ಕೋಬಾಲ್ಟ್ ಇದೆ. ನಮ್ಮ ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆ ಸೇರಿಸಿದರೂ ಅದರ ಮೂರನೇ ಒಂದು ಪಾಲು ಆಗಲ್ಲ. 2021ರಲ್ಲಿ 4,077 ಕೋಟಿ ರೂಪಾಯಿಯ ಆಳ ಸಮುದ್ರ ಯೋಜನೆಗೆ ಒಪ್ಪಿಗೆ ಕೊಟ್ಟರು. ಚೆನ್ನೈನಲ್ಲಿ ಮತ್ಸ್ಯ 6000 ಅಂತ ವಾಹನ ಮಾಡ್ತಿದ್ದಾರೆ, ಮೂರು ಜನ ಕೂತು 6,000 ಮೀಟರ್ ಇಳಿಯೋಕೆ. 2025ರ ಆಗಸ್ಟ್‌ನಲ್ಲಿ ನಮ್ಮವರೊಬ್ಬರು ಫ್ರಾನ್ಸಿನ ವಾಹನದಲ್ಲಿ ಅಟ್ಲಾಂಟಿಕ್‌ನಲ್ಲಿ 5,002 ಮೀಟರ್ ಇಳಿದು ಬಂದರು.

ಭೀಮಾ_ತೀರ
4,077 ಕೋಟಿ. ನಮ್ಮ ತಾಲ್ಲೂಕಿಗೆ ಒಂದು ಪೈಪ್‌ಲೈನ್.

ವಾಡಿ_ಜಂಕ್ಷನ್
ಅಣ್ಣಾ ಪೈಪ್‌ಲೈನ್‌ಗೆ ಬೇರೆ ಚರ್ಚೆ ಇದೆ, ಅಲ್ಲಿ ನೀವು ಒಂದು ಸಲವೂ ಬರೆದಿಲ್ಲ.

ಭೀಮಾ_ತೀರ
ಅಲ್ಲಿ ಬರೆದರೆ ನೀರು ಬರುತ್ತಾ?

ಕಾರವಾರ_ಟು_ಬೀದರ್
ಭೀಮಾ ಅಣ್ಣಾ, ನಿಮ್ಮ ಸಿಟ್ಟು ಅರ್ಥ ಆಗುತ್ತೆ. ಆದರೆ ಆ ಗಡ್ಡೆ ವಿಷಯಕ್ಕೇ ಈ ನಕ್ಷತ್ರಮೀನಿನ ಲೆಕ್ಕ ಬೇಕಾಗಿರೋದು. ಗಡ್ಡೆ ಬೆಳೆಯೋದು ಹತ್ತು ಲಕ್ಷ ವರ್ಷಕ್ಕೆ ಕೆಲವೇ ಮಿಲಿಮೀಟರ್. ಮೆತ್ತನೆ ಕೆಸರಿನಲ್ಲಿ ಗಟ್ಟಿ ಅಂತ ಇರೋದು ಅದೊಂದೇ, ಹಾಗಾಗಿ ಅದರ ಮೇಲೇ ಎಷ್ಟೋ ಜೀವಿಗಳು ಕೂತಿರುತ್ತವೆ. ಪೆಸಿಫಿಕ್‌ನಲ್ಲಿ ಕ್ಲಾರಿಯನ್ ಕ್ಲಿಪ್ಪರ್ಟನ್ ಅನ್ನೋ ಜಾಗದಲ್ಲಿ ಗಡ್ಡೆ ಎತ್ತೋಕೆ ಎಷ್ಟೋ ದೇಶಗಳು ಕಾಯ್ತಿವೆ. 2023ರಲ್ಲಿ ಅಲ್ಲಿ ಲೆಕ್ಕ ಹಾಕಿದಾಗ ಐದು ಸಾವಿರಕ್ಕೂ ಹೆಚ್ಚು ಜಾತಿ, ಅದರಲ್ಲಿ ಹತ್ತಕ್ಕೆ ಸುಮಾರು ಒಂಬತ್ತಕ್ಕೆ ಇನ್ನೂ ಹೆಸರೇ ಇಟ್ಟಿಲ್ಲ. ಯಾರಿದ್ದಾರೆ ಅಂತ ಗೊತ್ತಿಲ್ಲದ ಮನೆ ಕೆಡವೋ ಹಾಗೆ.

ಶಹಾಪುರ_ಅಕ್ಕ
ನಾನು ಬರೀ ಓದುವವಳು, ಬರೆಯೋದು ಕಡಿಮೆ. ಒಂದು ಕೇಳ್ತೀನಿ, ನಗಬೇಡಿ. ಅಷ್ಟು ಕೆಳಗೆ ಜೀವ ಇದೆ ಅಂತ ಮೊದಲು ಹೇಗೆ ಗೊತ್ತಾಯ್ತು? ಆ ಕಾಲದಲ್ಲಿ ಈ ವಾಹನ ಎಲ್ಲಾ ಇರಲಿಲ್ಲವಲ್ಲ.

ಕಾರವಾರ_ಟು_ಬೀದರ್
ಅಕ್ಕಾ, ಇದೇ ಬೆಸ್ಟ್ ಪ್ರಶ್ನೆ. ನಗೋದಲ್ಲ, ಕೂತು ಕೇಳೋ ಕಥೆ.

ಎಡ್ವರ್ಡ್ ಫೋರ್ಬ್ಸ್ ಅಂತ ಒಬ್ಬರು ಬ್ರಿಟನ್ನಿನಲ್ಲಿ ಇದ್ದರು. ನಕ್ಷತ್ರಮೀನುಗಳ ಮೇಲೇ 1841ರಲ್ಲಿ ಪುಸ್ತಕ ಬರೆದವರು. ಅವರು ಗ್ರೀಸ್ ಪಕ್ಕದ ಏಜಿಯನ್ ಸಮುದ್ರದಲ್ಲಿ ಬಲೆ ಎಳೆದು ನೋಡಿದರು, ಕೆಳಗೆ ಹೋದಷ್ಟೂ ಜೀವಿಗಳು ಕಡಿಮೆ. 300 ಫ್ಯಾದಮ್, ಅಂದರೆ ಸುಮಾರು 550 ಮೀಟರ್ ಕೆಳಗೆ ಏನೂ ಇರಲ್ಲ ಅಂತ ಲೆಕ್ಕ ಹಾಕಿದರು. ಎಲ್ಲರೂ ನಂಬಿದರು. ನೋಡಿದ್ದು ಒಂದು ಸಮುದ್ರ, ಅದೂ ಅನ್ನ ಕಡಿಮೆ ಇರೋದು, ಹೇಳಿದ್ದು ಇಡೀ ಪ್ರಪಂಚಕ್ಕೆ. ತಮಾಷೆ ಏನಂದ್ರೆ 1818ರಲ್ಲೇ ಜಾನ್ ರಾಸ್ ಅನ್ನೋ ನಾವಿಕ ಉತ್ತರದ ಬ್ಯಾಫಿನ್ ಕೊಲ್ಲಿಯಲ್ಲಿ ಆಳ ಅಳೆಯೋ ಹಗ್ಗ ಬಿಟ್ಟಾಗ, ಅದಕ್ಕಿಂತ ಎಷ್ಟೋ ಆಳದಿಂದ ಒಂದು ಬಾಸ್ಕೆಟ್ ಸ್ಟಾರ್ ಸಿಕ್ಕಿಹಾಕಿಕೊಂಡು ಬಂದಿತ್ತು. ಅದು ಬ್ರಿಟಲ್ ಸ್ಟಾರ್‌ನ ಕವಲೊಡೆದ ನೆಂಟ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

1860ರಲ್ಲಿ ಅಟ್ಲಾಂಟಿಕ್‌ನಲ್ಲಿ ಟೆಲಿಗ್ರಾಫ್ ತಂತಿ ಹಾಸೋಕೆ ಜಾಗ ನೋಡ್ತಿದ್ದ ಬುಲ್‌ಡಾಗ್ ಅನ್ನೋ ಹಡಗು, 1,260 ಫ್ಯಾದಮ್ ಆಳಕ್ಕೆ ಹಗ್ಗ ಬಿಟ್ಟಿತು, ಎರಡು ಕಿಲೋಮೀಟರ್‌ಗೂ ಜಾಸ್ತಿ. ಹಗ್ಗ ಎಳೆದಾಗ 13 ಬ್ರಿಟಲ್ ಸ್ಟಾರ್ ಹಗ್ಗಕ್ಕೆ ಅಪ್ಪಿಕೊಂಡು ಬಂದವು, ಜೀವಂತ! ಹಡಗಿನಲ್ಲಿದ್ದ ವಾಲಿಕ್ ಅನ್ನೋ ಡಾಕ್ಟರ್ ಕುಣಿದಾಡಿದರು. ದಡದಲ್ಲಿದ್ದ ಪಂಡಿತರು 'ನಡುವೆ ಎಲ್ಲೋ ಹಗ್ಗ ಹಿಡಿದಿರಬೇಕು' ಅಂದರು. ಅದು ಈಜೋ ಪ್ರಾಣಿ ಅಲ್ಲ ಅಂತ ವಾಲಿಕ್ ಹೇಳಿದರು, ಹೊಟ್ಟೆ ಸೀಳಿ ಒಳಗೆ ತಳದ ಕೆಸರಿನ ಚೂರು ತೋರಿಸಿದರು. ಆದರೂ ಒಪ್ಪೋಕೆ ವರ್ಷಗಳೇ ಬೇಕಾದವು.

ತೊಗರಿ_ನಾಡು
ಅಂದ್ರೆ ಆಗಲೂ ತೀರ್ಪುಗಾರರು ಇದ್ದರು ಅನ್ನಿ.

ಆಳಂದ_ಮೇಷ್ಟ್ರು
ಆ ಮಾತು ನನಗೆ ತಾಗಲ್ಲ ಅಂತ ಅಂದ್ಕೊಂಡಿದ್ದೀನಿ. ಇರಲಿ. ಕಥೆ ಮುಂದುವರಿಸಿದರೆ, 1872ರಿಂದ 1876ರ ತನಕ ಚಾಲೆಂಜರ್ ಹಡಗು ಪ್ರಪಂಚ ಸುತ್ತಿತು. ಅದರ ನಕ್ಷತ್ರಮೀನುಗಳ ವರದಿ ಬರೆದಿದ್ದು ಪರ್ಸಿ ಸ್ಲೇಡನ್, 1889ರಲ್ಲಿ. ನಮ್ಮ ದೇಶದ್ದೂ ಇದೆ. ಇನ್ವೆಸ್ಟಿಗೇಟರ್ ಅಂತ ಸರ್ವೆ ಹಡಗು, ಅದರಲ್ಲಿ ಆಲ್ಕಾಕ್ ಅನ್ನೋ ಡಾಕ್ಟರ್ ಬಂಗಾಳ ಕೊಲ್ಲಿ, ಅರಬ್ಬಿ ಸಮುದ್ರದಲ್ಲಿ ಬಲೆ ಎಳೆಸಿ ಆಳದ ನಕ್ಷತ್ರಮೀನುಗಳ ಬಗ್ಗೆ 1893ರಲ್ಲೇ ಬರೆದಿದ್ದಾರೆ. ಮಾದರಿಗಳು ಕಲ್ಕತ್ತಾದ ಮ್ಯೂಸಿಯಂಗೆ ಹೋದವು. ಇದನ್ನ ನಾನು ನಿವೃತ್ತಿ ಆದ ಮೇಲೆ ಓದಿದ್ದು. ಮೊದಲೇ ಓದಿದ್ದರೆ ಕ್ಲಾಸಿನಲ್ಲಿ ಹೇಳಬಹುದಿತ್ತು.

ಹುಮನಾಬಾದ್_ಹುಡುಗ
ಡಾಕ್ಟರುಗಳಿಗೆ ಹಡಗಿನಲ್ಲಿ ಪೇಷಂಟ್ ಇರಲಿಲ್ಲ ಅನ್ಸುತ್ತೆ, ಎಲ್ಲರೂ ನಕ್ಷತ್ರ ಎಣಿಸ್ತಾ ಕೂತಿದ್ದಾರೆ.

ಶಹಾಪುರ_ಅಕ್ಕ
ಹಾಗಾದರೆ ಆಳದಲ್ಲಿರೋವು ನೋಡೋಕೆ ಹೇಗಿರುತ್ತವೆ? ನಾವು ಫೋಟೋದಲ್ಲಿ ನೋಡೋ ಕೆಂಪು ಐದು ಕೈಯದೇನಾ?

ಕಾರವಾರ_ಟು_ಬೀದರ್
ಅಕ್ಕಾ, ಎಲ್ಲಾ ತರಹ ಇವೆ. ನನಗೆ ಇಷ್ಟವಾದ ಮೂರು ಹೇಳ್ತೀನಿ.

ಒಂದು, ಕೆಸರು ತಿನ್ನೋವು, ಪೋರ್ಸೆಲ್ಲನಾಸ್ಟರಿಡೇ ಅಂತ ಕುಟುಂಬ. ಅತೀ ಆಳದ ನಕ್ಷತ್ರಮೀನುಗಳಲ್ಲಿ ಇವೂ ಸೇರಿವೆ, ಏಳು ಸಾವಿರ ಮೀಟರ್ ದಾಟಿಯೂ ಸಿಕ್ಕಿವೆ. ಕೆಸರಿನಲ್ಲಿ ಅರ್ಧ ಹೂತುಕೊಂಡು ಕೆಸರನ್ನೇ ನುಂಗಿ, ಅದರಲ್ಲಿ ಇರೋ ಅಷ್ಟಿಷ್ಟು ಸತ್ವ ಹೀರುತ್ತವೆ. ಹೊಟ್ಟೆ ತುಂಬಾ ಮಣ್ಣು. ಎರೆಹುಳ ಮಾಡೋ ಕೆಲಸ.

ಎರಡು, ಬ್ರಿಸಿಂಗಾ. 1853ರಲ್ಲಿ ನಾರ್ವೆಯಲ್ಲಿ ಸಿಕ್ಕಿತು. ಹಿಡಿದವರು ಆಸ್ಬ್ಯೋರ್ನ್‌ಸೆನ್. ಅವರು ಆ ದೇಶದ ಜನಪದ ಕಥೆ ಸಂಗ್ರಹ ಮಾಡಿ ಹೆಸರಾದವರು! ಹನ್ನೊಂದು ಉದ್ದ ಕೈಯ ಆ ಕೆಂಪು ಜೀವಿ ನೋಡಿ, ಅಲ್ಲಿಯ ಫ್ರೇಯಾ ದೇವತೆಯ ಕೊರಳ ಆಭರಣದ ಹೆಸರು ಇಟ್ಟರು. ಈ ಗುಂಪಿನವು ಬಂಡೆಯ ಮೇಲೆ ಕೂತು ಕೈ ಎಲ್ಲಾ ಮೇಲೆತ್ತಿ, ಹರಿದು ಬರೋ ನೀರಿನಲ್ಲಿ ತೇಲೋ ಚೂರು ಹಿಡಿದು ತಿನ್ನುತ್ತವೆ.

ಮೂರು, ಕ್ಸೈಲೋಪ್ಲಾಕ್ಸ್. ಕೈಯೇ ಇಲ್ಲ! ಅಂಗಿ ಗುಂಡಿಗಿಂತ ಚಿಕ್ಕ ಬಿಲ್ಲೆ, ಸುತ್ತ ಮುಳ್ಳು. ನ್ಯೂಜಿಲೆಂಡ್ ಹತ್ತಿರ ಒಂದು ಕಿಲೋಮೀಟರ್‌ಗಿಂತ ಆಳದಲ್ಲಿ ಮುಳುಗಿದ ಮರದ ತುಂಡಿನಲ್ಲಿ ಸಿಕ್ಕಿತು. 1986ರಲ್ಲಿ ಪ್ರಕಟ ಮಾಡಿದಾಗ ಹೊಸ ವರ್ಗವೇ ಅಂದರು. ಆಮೇಲೆ ನೋಡಿದರೆ ನಕ್ಷತ್ರಮೀನಿನ ಒಳಗೇ ಬರುತ್ತೆ ಅಂತಾಯ್ತು. ಕಾಡಿನ ಮರ ಹೊಳೆಯಲ್ಲಿ ತೇಲಿ ಸಮುದ್ರಕ್ಕೆ ಹೋಗಿ ಮುಳುಗಬೇಕು, ಅದರಲ್ಲಿ ಇದು ಸಂಸಾರ ಮಾಡಬೇಕು. ಮುಂದಿನ ಮರ ಎಲ್ಲಿ ಬೀಳುತ್ತೋ ಯಾರಿಗೆ ಗೊತ್ತು?

ಈಗ ಊಟದ ರೀತಿ ಬೇರೆ ಅಂತ ಯಾಕೆ ಅಂದೆ ಗೊತ್ತಾಯ್ತಾ. ಬ್ರಿಸಿಂಗಾಗೆ ಬಂಡೆ, ಹರಿವು ಬೇಕು. ಕೆಸರು ತಿನ್ನೋದಕ್ಕೆ ಬಯಲು ಬೇಕು. ಕ್ಸೈಲೋಪ್ಲಾಕ್ಸ್‌ಗೆ ಕಾಡು ಇರೋ ದಡ ಬೇಕು. ಎಲ್ಲಾ ಸೇರಿಸಿ ಒಂದೇ ಬೇಳೆ ಅಂಟಿಸಿದರೆ ನಕ್ಷೆ ಸುಳ್ಳು ಹೇಳುತ್ತೆ.

ಯಾದಗಿರಿ_ಬಿಸಿಲು
ನಮ್ಮ ಅರಬ್ಬಿ ಸಮುದ್ರದ ಆಳದಲ್ಲಿ ಜಾಸ್ತಿನಾ ಕಡಿಮೆನಾ ಮೇಡಂ?

ಕಾರವಾರ_ಟು_ಬೀದರ್
ಅಲ್ಲೊಂದು ಬೇರೆ ತೊಂದರೆ. ಅರಬ್ಬಿ ಸಮುದ್ರದಲ್ಲಿ ಸುಮಾರು 150 ಮೀಟರಿನಿಂದ ಒಂದು ಕಿಲೋಮೀಟರ್‌ಗೂ ಕೆಳಗಿನ ತನಕ ನೀರಿನಲ್ಲಿ ಆಮ್ಲಜನಕ ತುಂಬಾ ಕಡಿಮೆ. ಮೇಲೆ ಪಾಚಿ ಜಾಸ್ತಿ, ಅದು ಕೊಳೆಯುವಾಗ ಉಸಿರೆಲ್ಲಾ ಖಾಲಿ ಆಗುತ್ತೆ. ನಕ್ಷತ್ರಮೀನಿಗೆ ಶ್ವಾಸಕೋಶ ಇಲ್ಲ, ಮೀನಿನ ಹಾಗೆ ಕಿವಿರೂ ಇಲ್ಲ, ಚರ್ಮ ಮತ್ತು ಕೊಳವೆ ಕಾಲಿನಿಂದಲೇ ಉಸಿರಾಡಬೇಕು. ಹಾಗಾಗಿ ಆ ಪಟ್ಟಿ ಅದಕ್ಕೆ ಕಷ್ಟ. ಚರಗ ಧಾರಾಳವಾಗಿ ಬೀಳುತ್ತೆ, ಉಣ್ಣೋಕೆ ಕೂತರೆ ಉಸಿರು ಕಟ್ಟುತ್ತೆ. ನಾನು ಮೇಲೆ ಅನ್ನ ಅನ್ನ ಅಂದೆನಲ್ಲ, ಅನ್ನ ಒಂದೇ ಸಾಲದು ಅನ್ನೋದಕ್ಕೆ ಇದು ಸಾಕ್ಷಿ.

ಆಳಂದ_ಮೇಷ್ಟ್ರು
ಇನ್ನೊಂದು ಕಡೆಯಿಂದ ತಗಾದೆ ತೆಗೀತೀನಿ. ಈ 30ರಿಂದ 50 ಡಿಗ್ರಿ ಅನ್ನೋದು ನಿಜವಾಗಿ ಜೀವಿಗಳು ಇರೋ ಜಾಗನಾ, ಅಥವಾ ಹಡಗುಗಳು ಹೋದ ಜಾಗನಾ? ಐರ್ಲೆಂಡ್ ಪಕ್ಕದ ಆ ಪಾರ್ಕ್ಯುಪೈನ್ ಸುಮಾರು 50 ಡಿಗ್ರಿ. ಅಮೆರಿಕ, ಜಪಾನ್, ನ್ಯೂಜಿಲೆಂಡ್ ಎಲ್ಲಾ ಅದೇ ಪಟ್ಟಿಯಲ್ಲಿವೆ. ದುಡ್ಡಿರೋ ದೇಶ, ಹಡಗಿರೋ ದೇಶ. ನಮ್ಮ ಕಡೆ ಎಲ್ಲಿ ಬೋರ್ ಕೊರೆಸಿದ್ದಾರೋ ಅಲ್ಲೇ ನೀರಿದೆ ಅಂದ ಹಾಗಲ್ವಾ? ಕೊರೆಯದ ಹೊಲದಲ್ಲಿ ನೀರಿಲ್ಲ ಅಂತ ಯಾರು ಹೇಳಬೇಕು?

ಕಾರವಾರ_ಟು_ಬೀದರ್
ಮೇಷ್ಟ್ರೇ, ನಿಮ್ಮ ಕ್ಲಾಸಲ್ಲಿ ಕೂರಬೇಕಿತ್ತು ನಾನು. ಇದೇ ದೊಡ್ಡ ಪ್ರಶ್ನೆ. ಅಧ್ಯಯನ ಮಾಡಿದವರು ಆ ಪಕ್ಷಪಾತ ಲೆಕ್ಕಕ್ಕೆ ತಗೊಂಡು ಗಣಿತದಿಂದ ಸರಿ ಮಾಡೋಕೆ ನೋಡಿದ್ದಾರೆ. ಹಾಗಾಗಿ ಪೂರ್ತಿ ಹಡಗಿನ ನಕ್ಷೆ ಅಲ್ಲ. ಆದರೂ ನೋಡದೆ ಇರೋದು ಎಷ್ಟು ಅಂತ ಕೇಳಿ. 2025ರಲ್ಲಿ ಒಂದು ಲೆಕ್ಕ ಬಂತು. ಆಳ ಸಮುದ್ರದ ತಳದಲ್ಲಿ ಮನುಷ್ಯ ಕಣ್ಣಿಂದ ಅಥವಾ ಕ್ಯಾಮೆರಾದಿಂದ ನೋಡಿರೋದು ಶೇಕಡಾ 0.001ಕ್ಕಿಂತ ಕಡಿಮೆ. ಒಟ್ಟು ಸೇರಿಸಿದರೆ ಸುಮಾರು 3,800 ಚದರ ಕಿಲೋಮೀಟರ್. ಅದರಲ್ಲೂ ಮೂರನೇ ಎರಡು ಪಾಲಿನಷ್ಟು ನೋಟ ಅಮೆರಿಕ, ಜಪಾನ್, ನ್ಯೂಜಿಲೆಂಡ್ ದಡದಿಂದ 200 ನಾಟಿಕಲ್ ಮೈಲಿ ಒಳಗೇ.

ನಮ್ಮ ಬೀದರ್ ಜಿಲ್ಲೆ 5,448 ಚದರ ಕಿಲೋಮೀಟರ್.

ವಾಡಿ_ಜಂಕ್ಷನ್
ತಡೀರಿ. ಅಂದ್ರೆ ಇಡೀ ಪ್ರಪಂಚದ ಆಳ ಸಮುದ್ರದಲ್ಲಿ ನೋಡಿರೋದು ಒಂದು ಬೀದರ್ ಜಿಲ್ಲೆಯಷ್ಟೂ ಇಲ್ವಾ?

ಕಾರವಾರ_ಟು_ಬೀದರ್
ಇಲ್ಲ. ಬೀದರಿನಲ್ಲೂ ಒಂದೆರಡು ತಾಲ್ಲೂಕು ಬಿಡಬೇಕು.

ಹುಮನಾಬಾದ್_ಹುಡುಗ
ಹುಮನಾಬಾದ್ ಬಿಡಬೇಡ್ರಿ ಅಕ್ಕಾ.

ಭೀಮಾ_ತೀರ
ಇದು ನನಗೂ ಗೊತ್ತಿರಲಿಲ್ಲ. ನಾನು ಹೋದ ವರ್ಷ ಎರಡು ಬೋರ್ ಕೊರೆಸಿ ಎರಡೂ ಫೇಲ್ ಆದವನು. ಪಕ್ಕದ ಹೊಲದವನಿಗೆ 300 ಅಡಿಗೆ ನೀರು ಬಂತು. ಹಾಗಾಗಿ ಮೇಷ್ಟ್ರ ಉದಾಹರಣೆ ಸರಿಯಾಗಿ ತಾಗಿತು. ಮಗುವಿಗೆ ಹೇಳಿ, ಬೇಳೆ ಇಲ್ಲದ ಜಾಗಕ್ಕೆ ಖಾಲಿ ಅಂತ ಬರೆಯಬೇಡ, 'ಇನ್ನೂ ಕೊರೆದಿಲ್ಲ' ಅಂತ ಬರೆ.

ಅಡ್ಮಿನ್
ಬೇಳೆ ರೇಟ್, ಪೈಪ್‌ಲೈನ್, ಬೋರ್ ಬಗ್ಗೆ ಬೇರೆ ಚರ್ಚೆಗಳಿವೆ, ಅಲ್ಲಿ ಹೋಗಿ. ಫರ್ಸಿ ಕಾಕಾ, ಮಾರಾಟದ ಫೋನ್ ನಂಬರ್ ತೆಗೆದಿದ್ದೇನೆ.

ಫರ್ಸಿ_ಕಾಕಾ
ಮ್ಯಾಂಗನೀಸ್ ಅಂತ ಗೊತ್ತಾದ ಮೇಲೆ ಇಟ್ಟುಕೊಂಡು ಏನು ಮಾಡಲಿ? ಆ ಮಗುವಿಗೆ ಬೇಕಾದರೆ ಪುಕ್ಕಟೆ ಕೊಡ್ತೀನಿ. ಮುಂದಿನ ಪ್ರದರ್ಶನಕ್ಕೆ ಸಮುದ್ರದ ತಳ ಅಂತ ಇದನ್ನೇ ಇಡಲಿ. ಡ್ರಾಯಿಂಗ್ ಶೀಟ್ ಯಾಕೆ ಬೇಕು.

ತೊಗರಿ_ನಾಡು
ಕಾಕಾ, ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಕಡಿಮೆ. ಭಾನುವಾರ ಬಂದು ತಗೊಂಡು ಹೋಗ್ತೀನಿ, ಬೈಕಿನಲ್ಲಿ ಆಗುತ್ತಾ ಇಲ್ಲಾ ಆಟೋ ತರಬೇಕಾ ಹೇಳಿ.

ನಿನ್ನೆ ರಾತ್ರಿ ಮಗಳು ಇಡೀ ಚರ್ಚೆ ಓದಿದಳು. ಮೇಷ್ಟ್ರ ಮೇಲೆ ಮೊದಲು ಸಿಟ್ಟು ಬಂತು, ಬೋರ್ ಮಾತು ಓದಿದ ಮೇಲೆ ಇಳಿಯಿತು. ಹೆಸರು ಹೊಡೆದು ಹಾಕಿ 'ಬ್ರಿಟಲ್ ಸ್ಟಾರ್, 2000 ಮೀಟರ್ ಕೆಳಗೆ' ಅಂತ ಬರೆದಿದ್ದಾಳೆ. ನಕ್ಷತ್ರಮೀನಿಗೆ ಬೇರೆ ಶೀಟ್ ಮಾಡ್ತಾಳಂತೆ, ಮೂರು ಬಣ್ಣದ ಕಾಳು ಕೇಳಿದ್ದಾಳೆ. ಕೆಸರು ತಿನ್ನೋದಕ್ಕೆ ಉದ್ದು, ಬ್ರಿಸಿಂಗಾಗೆ ಕೆಂಪು ಮಸೂರ, ಕ್ಸೈಲೋಪ್ಲಾಕ್ಸ್‌ಗೆ ಸಾಸಿವೆ. ನೋಡದ ಜಾಗಕ್ಕೆಲ್ಲಾ ಇದ್ದಿಲು ಬಳಿಯೋದು ಅಂತ ಅವಳ ಯೋಚನೆ. ಶೀಟ್ ಪೂರ್ತಿ ಕಪ್ಪಾಗುತ್ತೆ ಅಂದೆ, ಆಗಲಿ ಅಂದಳು.

ಒಂದೇ ತೊಂದರೆ. ಇವತ್ತು ಬೆಳಗ್ಗೆ ಎದ್ದು ನೋಡಿದರೆ ಹಳೆ ಚಾರ್ಟಿನಲ್ಲಿ ಹಿಂದೂ ಮಹಾಸಾಗರದ ಬೇಳೆಯೆಲ್ಲಾ ಇಲಿ ತಿಂದಿದೆ.

ವಾಡಿ_ಜಂಕ್ಷನ್
ಭಾರತಕ್ಕೆ ಕೊಟ್ಟ 75,000 ಚದರ ಕಿಲೋಮೀಟರ್ ಬಿಟ್ಟು ತಿಂದಿದೆಯಾ?

ತೊಗರಿ_ನಾಡು
ಅದನ್ನೂ ಸೇರಿಸಿ.